ಸಕ್ಕರೆ ಬಾಳವ್ವ ಗೋಡೆಗೆ ಮುಖ ಮಾಡಿದ್ದು

ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡಿರದ ಕಾಲ ಅನ್ನಿ. ಬೆಳವಲದ ಕಡೆ ಒಂದು ಊರಲ್ಲಿ ಬಾಳವ್ವ ಅಂತ ಒಬ್ಬಾಕೆ ಇದ್ದಳು. ದೊಡ್ಡವರು ಹೊಲಕ್ಕೆ ಹೋದರೆ ಊರಿನ ಸಣ್ಣ ಮಕ್ಕಳೆಲ್ಲ ಅವಳ ಪಡಸಾಲೆಯಲ್ಲಿ. ಮೂಗು ಒರೆಸಿಕೊಳ್ಳಲೂ ಬಾರದ ಕೂಸುಗಳು. ಅವಕ್ಕೆ ಮಾತು, ಎಣಿಕೆ, ಹಾಡು ಎಲ್ಲ ಕಲಿಸಿದವಳು ಈ ಬಾಳವ್ವ.

ಹೇಗೆ ಕಲಿಸುತ್ತಿದ್ದಳು ಅಂತೀರಿ? ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆಗಳ ಆರತಿ ಮಾಡುತ್ತಾರಲ್ಲ, ಆ ಗೊಂಬೆ ಎರೆಯುವ ಮರದ ಅಚ್ಚುಗಳು ಅವಳ ಮನೆಯಲ್ಲಿದ್ದವು. ಬೇರೆಯವರು ವರ್ಷಕ್ಕೊಮ್ಮೆ ಪಾಕ ಹೊಯ್ದರೆ ಇವಳು ದಿನವೂ ಹೊಯ್ಯುವಳು. ಆನೆ, ಒಂಟೆ, ನವಿಲು. ಇದೇನು ಹೇಳು ಅಂತ ಕೇಳುವಳು. ಹೇಳಿದ ಕೂಸಿನ ಬಾಯಿಗೆ ಆನೆ. ಹೇಳದಿದ್ದರೆ ಆನೆ ತಿರುಗಿ ಬುಟ್ಟಿಗೆ. ಪಾಕದ ವಾಸನೆಗೆ ಸುತ್ತಲಿನ ಊರುಗಳ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವಂತೆ, ಮಕ್ಕಳು ತಿಂದು ಮುಗಿಸುವ ತನಕ ಹೊಸ್ತಿಲು ದಾಟುತ್ತಿರಲಿಲ್ಲವಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ತನ್ನ ಪಡಸಾಲೆಗೆ ಬಂದ ಕೂಸು ಮಾತು ಕಲಿಯದೆ ಹೋದದ್ದಿಲ್ಲ ಅಂತ ಬಾಳವ್ವನಿಗೆ ಜಂಬ. ಆ ಜಂಬಕ್ಕೆ ಅಡ್ಡ ಬಂದವಳು ಫಕೀರವ್ವ, ಕಂಬಳಿ ನೇಯುವವರ ಮನೆಯ ಹುಡುಗಿ. ಏನು ಕೇಳಿದರೂ ಪಿಟ್ಟೆನ್ನುತ್ತಿರಲಿಲ್ಲ. ಮೊಂಡತನ ಅಂದುಕೊಂಡಳು ಬಾಳವ್ವ. ಆಸೆ ಹಚ್ಚಿದರೆ ಮಾತಾಡುತ್ತಾಳೆ ಅಂತ ಸಕ್ಕರೆ ಆನೆಯನ್ನು ತುಟಿಯ ತನಕ ಒಯ್ಯುವಳು, ಹುಡುಗಿ ಬಾಯಿ ತೆರೆದ ಕೂಡಲೇ ಹಿಂದಕ್ಕೆ ಎಳೆಯುವಳು. ಉಳಿದ ಮಕ್ಕಳು ಗೊಳ್ಳೆಂದು ನಗುತ್ತಿದ್ದವು. ಬಾಳವ್ವನೂ ನಗುತ್ತಿದ್ದಳು. ಹೀಗೇ ಒಂದು ಮಳೆಗಾಲ ಕಳೆಯಿತು ಅಂತಾರೆ.

ಒಂದು ದಿನ ಒಲೆಯ ಮುಂದಿನಿಂದ ಎದ್ದು ಬರುತ್ತಾಳೆ, ಮಕ್ಕಳು ಬಾಳವ್ವನ ಆಟ ಆಡುತ್ತಿವೆ. ಒಬ್ಬಳು ಹುಡುಗಿ ತಲೆಗೆ ಸೆರಗು ಹೊದ್ದು ಬಾಳವ್ವ ಆಗಿದ್ದಾಳೆ. ಕೈಯಲ್ಲಿ ಮಣ್ಣಿನ ಹೆಂಟೆ. ಅದನ್ನು ಫಕೀರವ್ವನ ಬಾಯಿಗೆ ಹಿಡಿಯುವಳು, ಎಳೆಯುವಳು. ಹಿಡಿಯುವಳು, ಎಳೆಯುವಳು. ಮಣ್ಣು ಅಂತ ಗೊತ್ತಿದ್ದೂ ಫಕೀರವ್ವ ಬಾಯಿ ತೆರೆಯುತ್ತಿದ್ದಳು. ಆಟದಲ್ಲಿ ಅವಳಿಗೆ ಬಂದ ಪಾಲೇ ಅಷ್ಟು.

"ಬಾಯಿ ಇಲ್ಲದಾಕಿಗೆ ಆನಿ ಯಾಕ ಬೇಕವ್ವಾ?" ಅಂದಳು ಸೆರಗಿನ ಹುಡುಗಿ.

ಅದು ಬಾಳವ್ವನದೇ ಮಾತು, ಅವಳದೇ ರಾಗ. ನಿಂತ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ಮಕ್ಕಳನ್ನು ಬೈಯಲು ಹೋದವಳು ಅರ್ಧಕ್ಕೇ ನಿಂತಳು. ಕಲಿಸಿದ್ದು ತಾನೇ ಅಲ್ಲವೇ? ಮಾತು ಕಲಿಸುತ್ತೇನೆ ಅಂತ ಕೂತು ಇದನ್ನು ಕಲಿಸಿದೆನಲ್ಲ ಅಂತ ನಾಚಿಕೆಯಿಂದ ಹಿಡಿಯಷ್ಟಾದಳು.

ಬುಟ್ಟಿಯಲ್ಲಿನ ದೊಡ್ಡ ಆನೆ ತಂದು ಹುಡುಗಿಯ ಮುಂದೆ ಹಿಡಿದಳು.

"ಏನೂ ಕೇಳೂದಿಲ್ಲ. ತಗೋ ನನ್ನವ್ವಾ."

ಫಕೀರವ್ವ ಬಾಯಿ ತೆರೆಯಲಿಲ್ಲ, ಕೈ ಚಾಚಲಿಲ್ಲ. ಆನೆಯನ್ನು ಬಿಟ್ಟು ಬಾಳವ್ವನ ಕೈಯನ್ನೇ ನೋಡುತ್ತಾ ಕುಳಿತಳು, ಅದು ಯಾವಾಗ ಹಿಂದೆ ಹೋಗುತ್ತದೆ ಅಂತ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಬಾಳವ್ವ ಅವರ ಮನೆಗೆ ಹೋಗಿ ತಾಯಿಯ ಎದುರು ತಪ್ಪಾಯಿತು ಅಂದಳು. ಉಣ್ಣೆ ನೂಲುತ್ತಿದ್ದ ತಾಯಿ ತಲೆ ಎತ್ತದೆ, ಅದನ್ನು ನನಗೆ ಯಾಕೆ ಹೇಳುತ್ತೀ ಅಂತ ಕೇಳಿದಳಂತೆ.

ಕಡೆಗೆ ಬಾಳವ್ವ ಸಕ್ಕರೆ ಆನೆಯನ್ನು ಹುಡುಗಿಯ ಮಡಿಲಲ್ಲಿ ಇಟ್ಟಳು. ಇಟ್ಟು, ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಹುಡುಗಿ ತಿಂದಳು ಅಂತಾರೆ ಕೆಲವರು. "ಆನಿ" ಅಂದಳು ಅಂತಾರೆ ಇನ್ನು ಕೆಲವರು. ಬಾಳವ್ವ ಮಾತ್ರ ತಿರುಗಿ ನೋಡಲಿಲ್ಲ, ಸಾಯುವ ತನಕ ಯಾರನ್ನೂ ಕೇಳಲೂ ಇಲ್ಲ. ಕೇಳುವ ಮುಖ ತನಗಿಲ್ಲ ಅಂದಳಂತೆ.

ಈಗ ಆ ಊರಲ್ಲಿ ಅಂಗನವಾಡಿ ಇದೆ. ಹೊಸ ಕೂಸು ಬಂದ ದಿನ, ಹೆಸರು ಕೇಳುವುದಕ್ಕೂ ಮೊದಲು ಅದರ ಮಡಿಲಲ್ಲಿ ಸಕ್ಕರೆ ಆನೆ ಇಡುತ್ತಾರೆ. ಇಟ್ಟ ಟೀಚರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಹೊರಗಿನವರಿಗೆ ಇದನ್ನು ಕಂಡು ನಗು. ಊರಿನವರು ನಗುವುದಿಲ್ಲ. ಅಷ್ಟು ಹೊತ್ತು ಅವರೂ ತಲೆ ತಗ್ಗಿಸಿ ನಿಂತಿರುತ್ತಾರೆ.