ಹರಿಯದ ಧೋತ್ರ

ಊರೂರಿಗೂ ಡಂಗುರ ಹೊಡೆಸಿದರು: "ರೆಕ್ಕೆ ಬಡಿಯದೆ ಹಾರುವ ಬಂಡಿಯನ್ನು ಮೊದಲು ಕಟ್ಟಿದವನಿಗೆ ಭೂತರಸ ದೊರೆಗಳು ತಾಮ್ರಪಟ ಬರೆಸಿಕೊಡುತ್ತಾರೆ. ಅವನ ಒಪ್ಪಿಗೆಯಿಲ್ಲದೆ ಅಂಥ ಬಂಡಿಯನ್ನು ಇನ್ನೊಬ್ಬರು ಕಟ್ಟುವಂತಿಲ್ಲ. ಬಂದವನು ಮೂರು ಒಗಟು ಬಿಡಿಸಬೇಕು. ತಪ್ಪಿದರೆ ಸುಳ್ಳುಗಾರನೆಂದು ತಲೆ ಹೋಗುತ್ತದೆ."

ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಹೇಳುತ್ತದೆ. ತಾನೇ ಕಟ್ಟಿದೆನೆಂದು ಮೊದಲು ಬಂದವನು ಒಬ್ಬ ಜವಳಿ ವ್ಯಾಪಾರಿ.

"ರೆಕ್ಕೆಯುಂಟು, ಬಡಿಯುವುದಿಲ್ಲ. ಆದರೂ ಮೇಲೇ ಇರುತ್ತದೆ. ಏನದು?" ಎಂದು ದೊರೆ ಕೇಳಿದ.

"ಮನೆಯ ಸೂರು, ಪ್ರಭು."

ತಲೆ ಕಡಿಯುವ ದಿನದವರೆಗೆ ಇರಲೆಂದು ಅವನನ್ನು ಸೆರೆಮನೆಗೆ ಒಯ್ದರು. ಆಮೇಲೆ ಬಂದ ಆಸ್ಥಾನದ ಜೋಯಿಸ ಮೊದಲನೆಯ ಉತ್ತರವನ್ನು ದೊರೆಯ ಕಿವಿಯಲ್ಲಿ ಸರಿಯಾಗಿಯೇ ಉಸುರಿದ. ದೊರೆ ಎರಡನೆಯದನ್ನು ಕೇಳಿದ: "ಎದುರಿಸಿದವನನ್ನು ಎತ್ತುತ್ತದೆ, ಬೆನ್ನು ತೋರಿದವನನ್ನು ಕೆಡವುತ್ತದೆ. ಏನದು?"

"ತಮ್ಮ ಕೃಪೆ," ಎಂದ ಜೋಯಿಸ. ಹೊಗಳಿಕೆ ಅವತ್ತು ನಡೆಯಲಿಲ್ಲ. ಅವನೂ ಸೆರೆಮನೆ ಸೇರಿದ.

ಮೂರನೆಯವನು ಗಾಳಿಪಟ ಕಟ್ಟಿ ಬದುಕುವ ಹೊನ್ನೂರ. ಉಟ್ಟಿದ್ದು ಹೊಸ ಧೋತ್ರ, ಮುಖದಲ್ಲಿ ಮಾತ್ರ ಕಳೆಯಿಲ್ಲ.

"ಮೊದಲನೇದು ಹದ್ದು, ದೊರಿ. ರೆಕ್ಕಿ ಚಾಚಿ ಸುಮ್ನ ತೇಲತೈತಿ. ಎರಡನೇದು ಗಾಳಿ. ಎದುರು ಗಾಳಿಗೇ ಬಂಡಿ ಏಳೂದು."

ದೊರೆಯ ಮುಖ ಅರಳಿತು. "ಹಿಂದೆ ಇರುತ್ತದೆ, ಮೇಲೆತ್ತುವುದಿಲ್ಲ. ಆದರೆ ಅದಿಲ್ಲದೆ ಎದ್ದದ್ದು ನಿಲ್ಲುವುದಿಲ್ಲ. ಏನದು?"

ಹೊನ್ನೂರನಿಗೆ ಗೊತ್ತಿತ್ತು. ಆದರೂ ಧೋತ್ರದ ಮಡಿಕೆ ಸರಿಮಾಡುತ್ತ ನಿಂತ. ತಲೆ ಕಡಿಯುವ ಕಟುಕ ಎದ್ದು ನಿಂತ.

"ಗೊತ್ತಿಲ್ಲವೇ?"

"ಗೊತ್ತೈತ್ರಿ. ಬಾಲಂಗೋಚಿ." ಅವನು ತನ್ನ ಧೋತ್ರದ ಕಡೆ ನೋಡಿದ. "ನಮ್ಮಾಗ ಪಟ ಕಟ್ಟಾವ ಒಬ್ಬ, ಬಾಲಂಗೋಚಿ ಕಟ್ಟಾವ ಇನ್ನೊಬ್ಬ. ಅವ ತಾ ಉಟ್ಟ ಬಟ್ಟೀನೇ ಹರದು ಕಟ್ಟಬೇಕು. ಬಂಡಿ ಮಾಡಿದ್ದು ನಾನಲ್ರಿ, ನನ್ನ ಗೆಳೆಯ ಗಾದಿಲಿಂಗ. ಡಂಗುರ ಕೇಳಿದ ದಿನ ಅವ ಬಂಡಿ ಏರಿ, ಬಾಲಂಗೋಚಿ ಕಟ್ಟೋ ಅಂದ. ನಾಳೆ ನಿನ್ನ ಜೋಡಿ ಹರಕ ಧೋತ್ರದಾಗ ದೊರಿ ಮುಂದ ಹೆಂಗ ನಿಲ್ಲಲಿ, ಇವತ್ತೊಂದಿನ ಹಂಗೇ ಹಾರು ಅಂದೆ. ಗುಡ್ಡದ ಮ್ಯಾಲಿಂದ ಎದ್ದ. ಹೊರಳಿ ಬಿದ್ದು ಸತ್ತ. ಅವನ್ನ ಮಣ್ಣು ಮಾಡಿ, ಬಂಡಿ ನಂದಂತ ಹೇಳಾಕ ಬಂದೀನಿ."

ದೊರೆ ಕಟುಕನಿಗೆ ಕೂರಲು ಸನ್ನೆ ಮಾಡಿದ.

"ಮೂರೂ ಸರಿಯಾಗಿವೆ. ಏನು ಬೇಕು ಕೇಳು," ಎಂದ ದೊರೆ.

"ತಾಮ್ರಪಟದಾಗ ಅವನ ಹೆಸರು ಬರಸ್ರಿ. ಆ ಇಬ್ಬರ್ನೂ ಬಿಡ್ರಿ. ಅವರು ನನಗಿಂತ ದೊಡ್ಡ ಸುಳ್ಳೇನೂ ಹೇಳಿಲ್ಲ."

ದೊರೆ ಹಾಗೇ ಮಾಡಿ, ಹೊನ್ನೂರನಿಗೆ ಜರಿಯ ಶಾಲು ಹೊದಿಸಿ ಕಳಿಸಿದ. ಆ ಶಾಲಿನೊಳಗೆ ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ತಾಮ್ರಪಟವನ್ನು ಗಾದಿಲಿಂಗನ ತಾಯಿ ಹಂಪಮ್ಮನ ಮುಂದಿಟ್ಟು, ನಡೆದದ್ದನ್ನೆಲ್ಲ ಅವನು ಮುಚ್ಚದೆ ಹೇಳಿದ. ಅವಳು ಪಟವನ್ನು ಮುಟ್ಟಲಿಲ್ಲ. ಅವನ ಧೋತ್ರದ ಅಂಚನ್ನು ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು.

"ಇನ್ನೂ ಹರದಿಲ್ಲಲ್ಲೋ, ಮಗಾ," ಅಂದಳು.