ಒರಳಿನಲ್ಲಿ ಕೂತ ತಾಯಿ

ನಿಂಗಕ್ಕ ಪೇಟೆಯ ವಠಾರಕ್ಕೆ ಬಾಡಿಗೆಗೆ ಬರುವಾಗ ತವರಿನ ಗುಡ್ಡದಮ್ಮನನ್ನೂ ತಂದಿದ್ದಳು. ಗುಡ್ಡದಮ್ಮ ಅಂದರೆ ಒಂದು ಕರೀ ಗುಂಡುಕಲ್ಲು. ವಠಾರದ ಯಜಮಾನರು ಪುಟ್ಟಶಾಮಯ್ಯನವರು. ಅವರದ್ದು ಕಟ್ಟಪ್ಪಣೆ: "ಇಲ್ಲಿ ಕಾಡುದೇವರು ಇರಕೂಡದು. ಇದ್ದರೆ ಮನೆ ಖಾಲಿ!"

ನಿಂಗಕ್ಕ ತಾಯಿಯನ್ನು ಒರಳಿನಲ್ಲಿ ಕೂರಿಸಿದಳು. ಮಂಗಳವಾರ ಅಮ್ಮನ ವಾರ. ಅವತ್ತು ಬಾಗಿಲು ಹಾಕಿಕೊಂಡು ಗುಟ್ಟಾಗಿ ಪೂಜೆ.

ಯಾರೋ ಚಾಡಿ ಹೇಳಿದರು. ಯಜಮಾನರು ದಡದಡ ಬಂದರು.

"ಏನಮ್ಮಾ, ಈ ಕಲ್ಲು ದೇವರಂತೆ?"

"ರುಬ್ಬೋ ಗುಂಡು ಸ್ವಾಮಿ."

"ಹಾಗಾದರೆ ನನ್ನೆದುರಿಗೇ ಚಟ್ನಿ ರುಬ್ಬು, ನೋಡ್ತೀನಿ!"

ನಿಂಗಕ್ಕ ಸೆರಗು ಸಿಕ್ಕಿಸಿಕೊಂಡಳು. ಕಲ್ಲಿನ ನೆತ್ತಿಯ ಮೇಲೆ ಚೆಂಬು ನೀರು ಸುರಿದು ತೊಳೆದಳು. "ಮೂಲೆ ಕತ್ತಲು ಸ್ವಾಮಿ" ಅಂತ ದೀಪ ಹಚ್ಚಿಟ್ಟಳು. ಎದುರಿಗೆ ಕಾಯಿ ಒಡೆದಳು. "ನಮ್ಮ ಕಡೆ ಇದೇ ರುಚಿ" ಅಂತ ಚಿಟಿಕೆ ಅರಿಶಿನ ಉದುರಿಸಿದಳು. ಮೆಣಸಿನಕಾಯಿ ಮಾತ್ರ ಮುಟ್ಟಲಿಲ್ಲ, ತಾಯಿಗೆ ಕಣ್ಣುರಿದೀತು ಅಂತ. ಕಾಯಿ, ಹುರಿಗಡಲೆ, ಉಪ್ಪು ಹಾಕಿ, ಮಗುವಿನ ತಲೆ ಸವರುವ ಹಾಗೆ ಗುಂಡನ್ನು ಮೆಲ್ಲಗೆ ತಿರುಗಿಸಿದಳು. ನಡುವೆ ಒಂದು ಚೂರು ಕಾಯಿ ಯಜಮಾನರ ಅಂಗೈಗೆ ಹಾಕಿದಳು. ಅವರು ಅಭ್ಯಾಸಬಲದಿಂದ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

ಆಮೇಲೆ ಚಟ್ನಿ ನೆಕ್ಕಿ ಮುಖ ಸಿಂಡರಿಸಿದರು. "ಥೂ, ಸಪ್ಪೆ! ರುಬ್ಬಿದ್ದು ನಿಜ. ಆದರೂ ನನಗೆ ಅನುಮಾನ ಹೋಗಿಲ್ಲ. ಇನ್ನು ವಾರವಾರವೂ ಬರ್ತೀನಿ. ಹೀಗೇ ನನ್ನೆದುರಿಗೇ ರುಬ್ಬಬೇಕು!"

"ಆಗಲಿ ಸ್ವಾಮಿ, ಮಂಗಳವಾರ ಬನ್ನಿ," ಅಂದಳು ನಿಂಗಕ್ಕ. "ಬರುವಾಗ ಒಂದು ತೆಂಗಿನಕಾಯಿ ತನ್ನಿ."