ಎರಡನೆಯ ಹಿಡಿ ಮಣ್ಣು

ಈಗಿನ ರಸ್ತೆಗಳೆಲ್ಲ ಇನ್ನೂ ಕಾಲುಹಾದಿಗಳಾಗಿದ್ದ ಕಾಲ. ಬಯಲುಸೀಮೆಯ ಒಂದೂರಿನಲ್ಲಿ ನೇಕಾರರ ಓಣಿಯಿತ್ತು. ಓಣಿಯ ಕೊನೆಗೆ ಒಂದು ಪ್ರಾರ್ಥನೆಯ ಮನೆ. ಅಲ್ಲಿ ಎಲೀಷಪ್ಪನೆಂಬ ಉಪದೇಶಿ ಇದ್ದನಂತೆ. ಪಾದ್ರಿ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು. ಉಳಿದ ದಿನವೆಲ್ಲ ಓದುವವನೂ ಅವನೇ, ಅರ್ಥ ಹೇಳುವವನೂ ಅವನೇ.

ವೇದಪುಸ್ತಕ ಅವನಿಗೆ ಬಾಯಿಪಾಠವಾಗಿತ್ತಂತೆ. ಹೆಂಗಸರು ನೀರು ಸೇದುತ್ತ ಏನಾದರೂ ಕೇಳಿದರೆ, ಕೊಡ ಮೇಲೆ ಬರುವುದರೊಳಗೆ ಅದಕ್ಕೊಂದು ವಾಕ್ಯ ಹೇಳುತ್ತಿದ್ದನಂತೆ. ಮಳೆಯಲ್ಲಿ ಪುಸ್ತಕ ತೊಯ್ದುಹೋದಾಗ ಇಡೀ ಪುಸ್ತಕವನ್ನು ನೆನಪಿನಿಂದಲೇ ಬರೆದ ಎಂದೂ ಹೇಳುತ್ತಾರೆ. ಅದು ಹೆಚ್ಚಾಯಿತು. ಆದರೆ ಅವನು ತಡವರಿಸಿದ್ದನ್ನು ಯಾರೂ ಕಂಡಿರಲಿಲ್ಲ ಎಂಬುದು ನಿಜ. ಕೇಡು ಬಂದದ್ದು ಅದರಿಂದಲೇ.

ಆ ಓಣಿಯಲ್ಲಿ ಸೀಲಪ್ಪನೆಂಬ ನೇಕಾರನಿದ್ದ. ದೀಕ್ಷಾಸ್ನಾನವಾಗಿ ವರ್ಷವೂ ಕಳೆದಿರಲಿಲ್ಲ. ಅವನ ತಾಯಿ ನೀಲವ್ವ ತನ್ನ ದೇವರನ್ನು ಬಿಡಲಿಲ್ಲ. ಮೂರು ಹರದಾರಿ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಳು. ಒಂದು ಬೆಳಿಗ್ಗೆ ಅಲ್ಲಿಂದ ಆಳು ಬಂದ. ತಾಯಿ ತೀರಿಹೋದಳು, ಮಣ್ಣು ಮಾಡಲು ಹೊತ್ತು ಮುಳುಗುವವರೆಗೆ ಮಗನಿಗಾಗಿ ಕಾಯುತ್ತೇವೆ ಎಂದು ಹೇಳಿ ಕಳಿಸಿದ್ದರು.

ಸೀಲಪ್ಪ ಲಾಳಿ ಕೆಳಗಿಟ್ಟು ಎದ್ದ. ನೇರವಾಗಿ ಆ ಊರಿನ ದಾರಿ ಹಿಡಿಯಬಹುದಿತ್ತು. ಆದರೆ ಹೊಸ ವಿಶ್ವಾಸಿ. ಅಲ್ಲಿ ಬೇರೆ ದೇವರ ಪೂಜೆ ಇರುತ್ತದೆ, ಹೋಗಬಹುದೋ ಬಾರದೋ ಎಂದು ಮೊದಲು ಉಪದೇಶಿಯನ್ನು ಕೇಳಲು ಹೋದ.

ಎಲೀಷಪ್ಪ ಪುಸ್ತಕ ತೆರೆಯಲೂ ಇಲ್ಲವಂತೆ. ತಂದೆಯನ್ನು ಹೂಳಿ ಬರುತ್ತೇನೆ ಎಂದ ಶಿಷ್ಯನಿಗೆ ಸ್ವಾಮಿ ಏನೆಂದ? ಸತ್ತವರ ಕೆಲಸ ಸತ್ತವರಿಗಿರಲಿ, ನೀನು ನನ್ನ ಹಿಂದೆ ಬಾ ಎಂದನಲ್ಲವೇ? ಅಷ್ಟು ಹೇಳಿ ಮುಗಿಸಿದನಂತೆ. ಸೀಲಪ್ಪ ತಿರುಗಿ ಬಂದು ಮಗ್ಗದ ಮುಂದೆ ಕುಳಿತ. ಆ ದಿನ ಒಂದು ಗೇಣು ಬಟ್ಟೆಯೂ ಆಗಲಿಲ್ಲವಂತೆ. ಆ ಊರಿನಲ್ಲಿ ದೀಪ ಹಚ್ಚುವವರೆಗೆ ಕಾದರು. ಕೊನೆಗೆ ಮಗ ಕೊಡಬೇಕಾದ ಮೊದಲ ಹಿಡಿ ಮಣ್ಣನ್ನು ಅಳಿಯನೇ ಕೊಟ್ಟ.

ಐದನೆಯ ದಿನ ಸೀಲಪ್ಪನ ಅಕ್ಕ ಗುರವ್ವ ಬಂದಳು. ತಮ್ಮನ ಮನೆಗೆ ಹೋಗಲಿಲ್ಲ, ಉಪದೇಶಿಯ ಮನೆಗೆ ಬಂದಳು. ಬಗಲಲ್ಲಿ ತಾಯಿ ಹೊಲಿಯುತ್ತಿದ್ದ ಕೌದಿ. ಸೂಜಿ ಇನ್ನೂ ಅದರಲ್ಲೇ ಇತ್ತು.

"ನಿಮ್ಮ ಪುಸ್ತಕದಾಗ ತಾಯಿ ಅನ್ನಾಕಿ ಎಲ್ಲೂ ಇಲ್ಲೇನ್ರಿ, ಉಪದೇಶಿಯವರ?" ಎಂದಳು. "ನನಗ ಓದಾಕ ಬರೂದಿಲ್ಲ. ನೀವ ಓದ್ರಿ. ನಾ ಇಲ್ಲೇ ಕುಂದರ್ತೀನಿ."

ಎಲೀಷಪ್ಪ ಓದಿದ. ಮೂರು ದಿನ ಓದಿದ ಎನ್ನುತ್ತಾರೆ, ಒಂದು ಮಧ್ಯಾಹ್ನವಿರಬಹುದು. ತಾನು ಹೇಳಿದ ವಾಕ್ಯದ ಹಿಂದಿನದನ್ನೂ ಮುಂದಿನದನ್ನೂ ಓದಿದ. ಅದು ಒಬ್ಬ ಮನುಷ್ಯನಿಗೆ, ಒಂದು ದಾರಿಯಲ್ಲಿ, ಅವನ ಮುಖ ನೋಡಿ ಹೇಳಿದ ಮಾತು. ಮುಂದೆ ಹೋದಂತೆ, ಹೆತ್ತವರಿಗೆ ಸಲ್ಲಬೇಕಾದದ್ದು ದೇವರಿಗೆ ಮುಡಿಪಾಯಿತು ಎಂದು ತಪ್ಪಿಸಿಕೊಂಡವರ ಮೇಲೆ ಸ್ವಾಮಿ ಸಿಟ್ಟಾದದ್ದು ಬಂತು. ಇನ್ನೂ ಮುಂದೆ ಶಿಲುಬೆ ಬಂತು. ಕೈಗೆ ಮೊಳೆ ಬಿದ್ದಿರುವಾಗಲೂ ಸ್ವಾಮಿ ತನ್ನ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ. ಅಲ್ಲಿಗೆ ಉಪದೇಶಿ ಪುಸ್ತಕದಿಂದ ತಲೆಯೆತ್ತಿದ.

"ಇದು ಮೊನ್ನೆ ಎಲ್ಲಿತ್ತರೀ?" ಎಂದು ಗುರವ್ವ ಕೇಳಿದಳಂತೆ.

ಅದೂ ಅವನಿಗೆ ಬಾಯಿಪಾಠವೇ ಆಗಿತ್ತು.

ಮರುದಿನ ಅವನು ಸೀಲಪ್ಪನನ್ನು ಕರೆದುಕೊಂಡು ನೀಲವ್ವನ ಗೋರಿಗೆ ಹೋದ. ಬರಿಗಾಲಲ್ಲಿ ಹೋದ ಎನ್ನುತ್ತಾರೆ, ನಲವತ್ತು ದಿನ ಅಲ್ಲೇ ಕುಳಿತ ಎನ್ನುತ್ತಾರೆ. ಎಲ್ಲರೂ ಒಂದೇ ಥರ ಹೇಳುವುದು ಇಷ್ಟೇ: ಗೋರಿಯ ಮಣ್ಣು ಆಗಲೇ ಒಣಗಿ ಗಟ್ಟಿಯಾಗಿತ್ತು, ಮಗನ ಹಿಡಿಗೆ ಬರಲಿಲ್ಲ. ಉಪದೇಶಿ ತಪ್ಪಾಯಿತು ಎಂದ. ಸೀಲಪ್ಪ ಆ ಗಟ್ಟಿ ಮಣ್ಣಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ.

"ನೀವು ಓದಿದ್ದು ಸುಳ್ಳಲ್ಲರಿ. ನನ್ನ ಮಾರಿ ನೋಡದ ಓದಿದ್ರಿ."

ಆಮೇಲೆ ಎಲೀಷಪ್ಪ ಬಾಯಿಪಾಠದಿಂದ ಒಂದು ವಾಕ್ಯವನ್ನೂ ಹೇಳಲಿಲ್ಲವಂತೆ. ಗುರವ್ವ ಬಿಟ್ಟುಹೋದ ಕೌದಿಯಿಂದ ಕೆಂಪು ದಾರವೊಂದನ್ನು ಬಿಡಿಸಿ, ಒಂದು ತುದಿಯನ್ನು ತಾನು ಹೇಳಿದ ವಾಕ್ಯದ ಹಾಳೆಯಲ್ಲೂ ಇನ್ನೊಂದನ್ನು ಶಿಲುಬೆಯ ಹಾಳೆಯಲ್ಲೂ ಇಟ್ಟ. ಯಾರಾದರೂ ಏನು ಮಾಡಲಿ ಎಂದು ಕೇಳಿದರೆ, ಮೊದಲು ಅವರ ಮನೆಗೆ ಹೋಗಿ ಕುಳಿತು, ಅವರ ಸಂಕಟ ಕೇಳಿ, ಬಂದು ಪುಸ್ತಕ ತೆರೆಯುತ್ತಿದ್ದ. ಜನ ಮೊದಲು ನಕ್ಕರು. ಉಪದೇಶಿಗೆ ಮರೆವು ಬಂತು ಎಂದರು. ನಿಧಾನವಾಗಿ ದೂರದೂರುಗಳಿಂದಲೂ ಬರತೊಡಗಿದರು. ಸೀಲಪ್ಪ ಮಾತ್ರ ಪ್ರತಿ ಭಾನುವಾರ ಬಂದು ಕೊನೆಯ ಚಾಪೆಯಲ್ಲಿ ಕೂರುತ್ತಿದ್ದ, ಏನನ್ನೂ ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ.

ಆ ದಾರ ಯಾವತ್ತೋ ಹರಿದು ಹೋಯಿತು. ಅದರ ಜಾಗದಲ್ಲಿ ಈಗಲೂ ಒಂದು ಕೆಂಪು ದಾರ ಇರುತ್ತದೆ. ಓದುವವರು ಎರಡೂ ತುದಿ ಮುಟ್ಟಿ ಆಮೇಲೆ ಬಾಯಿ ತೆರೆಯುತ್ತಾರೆ. ಯಾವ ಜಾತಿಯ, ಯಾವ ದೇವರ ಮನೆಯಲ್ಲಿ ಸಾವಾದರೂ ಓಣಿಯ ಮಗ್ಗಗಳು ನಿಲ್ಲುತ್ತವೆ. ಯಾರೂ ಯಾರನ್ನೂ ಕೇಳುವುದಿಲ್ಲ, ಮಣ್ಣಿಗೆ ಹೋಗುತ್ತಾರೆ. ಪ್ರತಿಯೊಬ್ಬರೂ ಎರಡು ಹಿಡಿ ಮಣ್ಣು ಕೊಡುತ್ತಾರೆ. ಮೊದಲನೆಯದು ತಮ್ಮದು. ಎರಡನೆಯದು, ತಾಯಿಗೆ ಕೊಡಲಾಗದೆ ಹೋದ ಸೀಲಪ್ಪನದು.